ಮೊಲದ ಮಾಂಸ ನಾಯಿ-ಬೆಕ್ಕಿಗೆ: ಹಸಿಯಾಗಿ ಬೇಡ, ಬೇಯಿಸಿ ಕೊಡಿ

ಕಲಬುರಗಿಯ ಸೇಡಂ ರಸ್ತೆಯಿಂದ ಒಳಗೆ ಹೋಗುವ ಒಂದು ಬಡಾವಣೆಯಲ್ಲಿ ನಮ್ಮ ಪರಿಚಯದ ಕುಟುಂಬವಿದೆ. ಅವರು ಒಮ್ಮೆ ಕಮಲಾಪುರದ ಬಂಧುಗಳ ಮನೆಗೆ ಹೋಗಿ ಬರುವಾಗ ಕೆಂಪು ಬಾಳೆಯ ಗೊನೆಯ ಜೊತೆಗೆ, ಮಕ್ಕಳ ಹಟಕ್ಕೆ ಮಣಿದು, ಒಂದು ಜೋಡಿ ಬಿಳಿ ಮೊಲಗಳನ್ನೂ ತಂದರು. ಮೊಲ ಸುಮಾರು 30 ದಿನಕ್ಕೆ ಈಯುತ್ತದೆ, ಒಂದು ಸೂಲಿಗೆ ಆರೇಳು ಮರಿ. ವರ್ಷ ತುಂಬುವುದರೊಳಗೆ ಹಿತ್ತಲಿನ ಗೂಡು ಸಾಲದಾಯಿತು. ಅತಿಥಿಗಳು ಬಂದಾಗ ಒಂದೆರಡನ್ನು ಝಬಹ್ ಮಾಡುವುದು ರೂಢಿಯಾಯಿತು. ತಲೆ, ಕರುಳು, ಹೊಟ್ಟೆ ಗೇಟಿನ ಬಳಿ ಕಾವಲಿಗೆ ಕಟ್ಟಿದ ನಾಯಿಗೆ. ಬಿಸಿಬಿಸಿ ಕಲೇಜಿಯ ತುಂಡು ಅಡುಗೆಮನೆಯ ಬಾಗಿಲಲ್ಲಿ ಕಾದು ಕುಳಿತ ಬೆಕ್ಕಿಗೆ. ಏನೂ ಹಾಳಾಗಲಿಲ್ಲ ಎಂಬ ಸಮಾಧಾನ ಮನೆಯವರಿಗೆ.

ಕೆಲವು ತಿಂಗಳ ನಂತರ ಅವರಿಂದ ಫೋನ್ ಬಂತು. ನಾಯಿಯ ಮಲದಲ್ಲಿ ಬಿಳಿಯ ಚಪ್ಪಟೆ ತುಣುಕುಗಳು ಕಾಣುತ್ತಿವೆ, ಕೆಲವು ಮಿಸುಕಾಡುತ್ತವೆ. ಅದೇ ಹೊತ್ತಿಗೆ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬೆಕ್ಕಿನಿಂದ ಗರ್ಭಿಣಿಯರಿಗೆ ರೋಗ ಬರುತ್ತದೆ ಎಂದು ಯಾರೋ ಹೇಳಿದ್ದರಿಂದ ಅಜ್ಜಿ ಗಾಬರಿಯಾಗಿದ್ದರು. "ಬೆಕ್ಕನ್ನು ಚೀಲದಲ್ಲಿ ಹಾಕಿ ದೂರ ಎಲ್ಲಾದರೂ ಬಿಟ್ಟು ಬರೋಣವೇ?" ಎಂಬುದು ಅವರ ಪ್ರಶ್ನೆ.

ಬೇಡ ಎಂದೆ. ಯಾಕೆ ಬೇಡ ಮತ್ತು ಅದರ ಬದಲು ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊಲವಿಲ್ಲದ ಮನೆಯವರೂ ಓದಬೇಕು, ಏಕೆಂದರೆ ಬಕ್ರೀದ್ ದಿನ ನಮ್ಮಲ್ಲಿ ಬಹುತೇಕರು ಇದೇ ತಪ್ಪನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡುತ್ತೇವೆ.

ಯಾವ ಮೊಲ?

ಮೊಲದ ಮಾಂಸ ಹಲಾಲ್ ಹೌದೋ ಅಲ್ಲವೋ ಎಂದು ಕೆಲವರು ಈಗಲೂ ಕೇಳುತ್ತಾರೆ. ನಾಲ್ಕೂ ಮಝ್‌ಹಬ್‌ಗಳಲ್ಲಿ ಅದಕ್ಕೆ ಅನುಮತಿಯಿದೆ. ಅಬೂ ತಲ್ಹಾ(ರ) ಅವರು ಮೊಲವನ್ನು ಝಬಹ್ ಮಾಡಿ ಅದರ ತೊಡೆಯ ಭಾಗವನ್ನು ಕಳುಹಿಸಿದಾಗ ಪ್ರವಾದಿ(ಸ) ಸ್ವೀಕರಿಸಿದ ವಿಚಾರ ಅನಸ್(ರ) ಅವರ ವರದಿಯಾಗಿ ಬುಖಾರಿಯಲ್ಲಿದೆ. ಆದರೆ ನಾವು ಮಾತಾಡುತ್ತಿರುವುದು ಸಾಕಿದ ಮೊಲದ ಬಗ್ಗೆ ಮಾತ್ರ. ತೊಗರಿ ಹೊಲದಲ್ಲಿ ಓಡಾಡುವ ಕಂದು ಬಣ್ಣದ ಕಾಡುಮೊಲ ಬೇರೆಯೇ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಬೇಟೆಯಾಡುವುದು ಅಪರಾಧ, ಮಾಂಸವನ್ನು ಇಟ್ಟುಕೊಳ್ಳುವುದೂ ಅಪರಾಧ. "ನಾಯಿಗೆ ಹಾಕಲು ತಂದೆ" ಎಂಬ ಮಾತು ಅರಣ್ಯ ಇಲಾಖೆಯವರ ಮುಂದೆ ನಡೆಯುವುದಿಲ್ಲ.

ಸೇಡಂ ರಸ್ತೆಯಲ್ಲಿ ರಾತ್ರಿ ಲಾರಿಗೆ ಸಿಕ್ಕಿ ಸತ್ತ ಮೊಲವನ್ನಾಗಲಿ, ಹೊಲದ ಬದುವಿನಲ್ಲಿ ಸತ್ತು ಬಿದ್ದದ್ದನ್ನಾಗಲಿ ಎತ್ತಿಕೊಂಡು ಬಂದು ಪ್ರಾಣಿಗಳಿಗೆ ಹಾಕಬೇಡಿ. ತೊಗರಿಗೆ ಕೀಟನಾಶಕ ಸಿಂಪಡಿಸುವ ಕಾಲದಲ್ಲಿ ಆ ಮೊಲ ವಿಷದಿಂದ ಸತ್ತಿತೋ, ರೋಗದಿಂದ ಸತ್ತಿತೋ ನೋಡಿದರೆ ತಿಳಿಯುವುದಿಲ್ಲ. ಸತ್ತ ಪ್ರಾಣಿಯನ್ನು ನಾಯಿಗೆ ಹಾಕಬಹುದೇ ಎಂಬ ಫಿಕ್‌ಹ್ ಪ್ರಶ್ನೆಯನ್ನು ನಿಮ್ಮ ಆಲಿಮರಲ್ಲಿ ಕೇಳಿ. ಆರೋಗ್ಯದ ಪುಟದ ಉತ್ತರ ಮಾತ್ರ ಒಂದೇ: ಹಾಕಬೇಡಿ.

ಸಾಕಿದ ಮೊಲದಲ್ಲೂ ಕಾಯಿಲೆಯದನ್ನು ಬಿಡಿ. ಮೊಲಗಳಿಗೆ ಕಿವಿಯಲ್ಲಿ, ಮೂಗಿನ ಮೇಲೆ ಕಜ್ಜಿ ಬರುವುದು ಸಾಮಾನ್ಯ, ಅದಕ್ಕೆ ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಡಿಸುತ್ತೇವೆ. ಹಾಗೆ ಕೊಡಿಸಿದ್ದರೆ ಎಷ್ಟು ವಾರ ಕಳೆದ ಮೇಲೆ ಆ ಮಾಂಸವನ್ನು ಬಳಸಬಹುದೆಂದು ಕೊಟ್ಟ ವೈದ್ಯರನ್ನೇ ಕೇಳಿ. ಈ ಮಾತು ನಿಮ್ಮ ತಟ್ಟೆಗೂ ಅನ್ವಯ.

ಹಿತ್ತಲಿನ ಒಳಗೇ ಒಂದು ಸುತ್ತು

ಈಗ ಆ ಬಿಳಿ ತುಣುಕುಗಳ ವಿಷಯ. ಮೊಲದ ಹೊಟ್ಟೆ ಸೀಳಿದಾಗ ಯಕೃತ್ತಿನ ಸುತ್ತ, ಕರುಳಿನ ಪೊರೆಯ ಮೇಲೆ ಬಟಾಣಿ ಗಾತ್ರದ, ನೀರು ತುಂಬಿದ ಪಾರದರ್ಶಕ ಗುಳ್ಳೆಗಳು ಕೆಲವೊಮ್ಮೆ ಕಾಣುತ್ತವೆ. ಒಂದೊಂದರೊಳಗೂ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಲಾಡಿಹುಳುವಿನ ಎಳೆಯ ತಲೆ. ನಾಯಿ ಇದನ್ನು ಹಸಿಯಾಗಿ ತಿಂದರೆ ಆ ತಲೆ ನಾಯಿಯ ಕರುಳಿಗೆ ಕಚ್ಚಿಕೊಂಡು ಬೆಳೆಯುತ್ತದೆ. ಸುಮಾರು ಎರಡು ತಿಂಗಳಲ್ಲಿ ಮೊಟ್ಟೆ ತುಂಬಿದ ತುಣುಕುಗಳು ಒಂದೊಂದಾಗಿ ಕಳಚಿ ಮಲದ ಜೊತೆ ಹೊರಬೀಳುತ್ತವೆ. ಮೊಟ್ಟೆಗಳು ಹುಲ್ಲಿಗೆ ಅಂಟಿಕೊಳ್ಳುತ್ತವೆ. ಹುಲ್ಲನ್ನು ಮೊಲ ತಿನ್ನುತ್ತದೆ, ಮೊಲದ ಯಕೃತ್ತನ್ನು ಹಾದು ಮರಿಹುಳು ಮತ್ತೆ ಗುಳ್ಳೆಯಾಗುತ್ತದೆ.

ಆ ಮನೆಯಲ್ಲಿ ನಡೆದದ್ದು ಅದೇ. ಗೇಟಿನ ಬಳಿ ನಾಯಿ ಕಟ್ಟುವ ಜಾಗ, ಅದರ ಪಕ್ಕದ ಖಾಲಿ ಸೈಟಿನಲ್ಲೇ ಮಕ್ಕಳು ಮೊಲಕ್ಕೆ ಹುಲ್ಲು ಕೀಳುತ್ತಿದ್ದರು. ಮೂವತ್ತು ಅಡಿ ಅಗಲದ ಸೈಟಿನೊಳಗೆ ಹುಳುವಿನ ಸುತ್ತು ಪೂರ್ತಿಯಾಗುತ್ತಿತ್ತು. ಈ ಸುತ್ತನ್ನು ಎರಡು ಕಡೆ ಕತ್ತರಿಸಬಹುದು: ನಾಯಿ ಓಡಾಡದ ಕಡೆಯ ಹುಲ್ಲು ತರುವುದು ಒಂದು, ಒಲೆ ಹಚ್ಚುವುದು ಇನ್ನೊಂದು.

ಸಮಾಧಾನದ ಸಂಗತಿಯೂ ಇದೆ. ಮೊಲದಿಂದ ನಾಯಿಗೆ ಬರುವ ಈ ಸಾಮಾನ್ಯ ಲಾಡಿಹುಳು ಮನುಷ್ಯರಿಗೆ ಅಂಟುವುದಿಲ್ಲ. ಮೊಲದ ಮಾಂಸಖಂಡದೊಳಗೆ ಬೆಳೆಯುವ ಅದರ ಸೋದರ ಜಾತಿಯೊಂದು ಅಪರೂಪಕ್ಕೆ ಮನುಷ್ಯರಲ್ಲೂ ಗುಳ್ಳೆ ಎಬ್ಬಿಸಬಲ್ಲದು, ಹಾಗಾಗಿ ಪೂರ್ತಿ ನಿಶ್ಚಿಂತೆ ಬೇಡ. ನಾಯಿಯ ಮಲದಲ್ಲಿ ಕಾಣುವ ತುಣುಕುಗಳೆಲ್ಲ ಮೊಲದಿಂದಲೇ ಬಂದವೂ ಅಲ್ಲ. ಅಕ್ಕಿಕಾಳಿನಂಥವು ಹೆಚ್ಚಾಗಿ ಚಿಗಟದಿಂದ ಬರುವ ಇನ್ನೊಂದು ಹುಳುವಿನವು. ಒಂದು ಡಬ್ಬಿಯಲ್ಲಿ ಮಲದ ಮಾದರಿಯನ್ನು ಪಶು ಆಸ್ಪತ್ರೆಗೆ ಒಯ್ಯಿರಿ. ಪರೀಕ್ಷಿಸಿ, ನಾಯಿಯ ತೂಕಕ್ಕೆ ತಕ್ಕಂತೆ ಪ್ರಾಜಿಕ್ವಾಂಟೆಲ್ ಮಾತ್ರೆ ಬರೆದುಕೊಡುತ್ತಾರೆ. ಲಾಡಿಹುಳುವಿಗೆ ಅದು ಒಳ್ಳೆಯ ಮದ್ದು. ಆದರೆ ಹಸಿ ಕರುಳು ಹಾಕುವುದು ನಿಲ್ಲದಿದ್ದರೆ ಎರಡು ತಿಂಗಳಿಗೆ ಹುಳು ಮತ್ತೆ ಹಾಜರು.

ಯಕೃತ್ತಿನ ಮೇಲೆ ಬಿಳಿ-ಹಳದಿ ಗಂಟುಗಳು ಅಥವಾ ಗೆರೆಗಳು ಕಂಡರೆ ಅದು ಬೇರೆ ರೋಗ, ಕಾಕ್ಸಿಡಿಯೋಸಿಸ್. ಅದು ನಾಯಿಗೂ ನಮಗೂ ಬರುವುದಿಲ್ಲ. ಆದರೂ ಅಂಥ ಕಲೇಜಿಯನ್ನು ಯಾರ ತಟ್ಟೆಗೂ ಹಾಕಬೇಡಿ, ಹೂತುಬಿಡಿ. ಉಳಿದ ಮೊಲಗಳಿಗೆ ಔಷಧ ಬೇಕಾಗಿದೆ ಎಂದು ಅದರ ಅರ್ಥ.

ಬೆಕ್ಕು ಮತ್ತು ಗರ್ಭಿಣಿ

ಅಜ್ಜಿಯ ಗಾಬರಿಗೆ ಕಾರಣವಿತ್ತು. ಟಾಕ್ಸೊಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಪರೋಪಜೀವಿ ಮೊಲ, ಕುರಿ, ಮೇಕೆ, ಇಲಿ ಎಲ್ಲವುಗಳ ಮಾಂಸದಲ್ಲಿ ಅಡಗಿರಬಹುದು. ಬೆಕ್ಕು ಅದನ್ನು ಹಸಿಯಾಗಿ ತಿಂದರೆ ಒಂದರಿಂದ ಮೂರು ವಾರಗಳ ಕಾಲ ತನ್ನ ಮಲದಲ್ಲಿ ಅದರ ಬೀಜಕೋಶಗಳನ್ನು ಹೊರಹಾಕುತ್ತದೆ. ಗರ್ಭಿಣಿಗೆ ಈ ಸೋಂಕು ಮೊದಲ ಬಾರಿಗೆ ತಗುಲಿದರೆ ಗರ್ಭಪಾತವಾಗಬಹುದು, ಅಥವಾ ಮಗುವಿನ ಕಣ್ಣು, ಮೆದುಳಿಗೆ ಹಾನಿಯಾಗಬಹುದು.

ಆದರೆ ಬೆಕ್ಕನ್ನು ಮುಟ್ಟಿದ ಕೂಡಲೇ ರೋಗ ಬರುವುದಿಲ್ಲ. ಹೊರಬಿದ್ದ ಬೀಜಕೋಶ ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಬೆಕ್ಕಿನ ಮಲವನ್ನು ದಿನಾ ತಪ್ಪದೆ ತೆಗೆದರೆ ಅಪಾಯ ಬಹುಪಾಲು ಕಳೆಯಿತು. ಆ ಕೆಲಸವನ್ನು ಗರ್ಭಿಣಿ ಮಾಡಬಾರದು, ಮನೆಯ ಗಂಡಸರು ಮಾಡಲಿ. ತೋಟದ ಮಣ್ಣು ಕೆದಕುವಾಗ ಗರ್ಭಿಣಿ ಕೈಗವಸು ಹಾಕಿಕೊಳ್ಳಬೇಕು, ಹಸಿ ಕೊತ್ತಂಬರಿ, ಸೌತೆ, ಮೆಂತ್ಯಸೊಪ್ಪನ್ನು ಚೆನ್ನಾಗಿ ತೊಳೆಯಬೇಕು. ನಿಜ ಹೇಳಬೇಕೆಂದರೆ, ಮನೆಯ ಬೆಕ್ಕನ್ನು ಸವರುವುದಕ್ಕಿಂತ ಅರೆಬೆಂದ ಕಬಾಬಿನಿಂದ, ಹಸಿ ಮಾಂಸ ಹೆಚ್ಚಿದ ಮಣೆಯಿಂದ, ತೊಳೆಯದ ಸೊಪ್ಪಿನಿಂದ ಗರ್ಭಿಣಿಗೆ ಈ ಸೋಂಕು ಬರುವ ಸಾಧ್ಯತೆ ಹೆಚ್ಚು. ಸಂಶಯವಿದ್ದರೆ ಹೆರಿಗೆ ವೈದ್ಯರಲ್ಲಿ ಹೇಳಿ, ರಕ್ತ ಪರೀಕ್ಷೆಯಿದೆ.

ಇಷ್ಟರ ಮೇಲೆ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಬಿಟ್ಟುಬರುವ ಮಾತೇಕೆ? ಮನೆಯಲ್ಲಿ ಸುತ್ತಾಡುವ ಬೆಕ್ಕು ಬಾಯಿಟ್ಟ ನೀರು ಅಶುದ್ಧವಲ್ಲವೆಂದು ಹದೀಸಿನಲ್ಲಿದೆ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಅದು ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಣ್ಣಿನ ಗತಿಯೂ ಹದೀಸಿನಲ್ಲಿದೆ. ಹಸಿ ಕಲೇಜಿ ತಿನ್ನಿಸಿದವರು ನಾವು. ತಿನ್ನಿಸುವ ರೀತಿ ಬದಲಾಗಬೇಕು.

ಬೇಯಿಸುವುದು ಹೇಗೆ

ಒಗ್ಗರಣೆಗೆ ಮೊದಲೇ ಪ್ರಾಣಿಗಳ ಪಾಲನ್ನು ತೆಗೆದಿಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿ-ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೆಕ್ಕಿಗಂತೂ ಸ್ವಲ್ಪವೂ ಆಗದು. ಸಾರಿನಲ್ಲಿ ಬೆಂದ ತುಂಡನ್ನು ತೊಳೆದು ಕೊಟ್ಟರೂ ಅದು ಒಳಗೆ ಇಳಿದಿರುತ್ತದೆ. ಬಿರ್ಯಾನಿಯ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಖಾರ, ಉಪ್ಪು, ಎಣ್ಣೆ ಯಾವುದೂ ಅವುಗಳಿಗೆ ಬೇಕಿಲ್ಲ.

ಬರೀ ನೀರಿನಲ್ಲಿ, ಮಾಂಸದ ಒಳಗೂ ಗುಲಾಬಿ ಬಣ್ಣ ಉಳಿಯದಂತೆ ಬೇಯಿಸಿ. ತುಂಡಿನ ನಡುವೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕುಕ್ಕರಿನಲ್ಲಿ ಎರಡು ಮೂರು ಸೀಟಿ ಹಾಕಿಸಿದರೆ ಅದಕ್ಕಿಂತ ಹೆಚ್ಚೇ ಆಗುತ್ತದೆ. ಗುಳ್ಳೆಯ ಹುಳು, ಟಾಕ್ಸೊಪ್ಲಾಸ್ಮಾ, ಸಾಲ್ಮೊನೆಲ್ಲಾ ಎಲ್ಲ ಇದರಲ್ಲಿ ಸಾಯುತ್ತವೆ. ಫ್ರೀಜರಿನಲ್ಲಿ ಇಟ್ಟರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಫ್ರೀಜರಿನಲ್ಲಿ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಮಲಗುತ್ತವೆ ಅಷ್ಟೇ. ಬೇಸಿಗೆಯಲ್ಲಿ ನಮ್ಮ ಕರೆಂಟು ಹೋಗಿ ಬರುವ ಲೆಕ್ಕದಲ್ಲಿ ಮನೆಯ ಫ್ರೀಜರನ್ನು ನಂಬಿ ಹಸಿ ಮಾಂಸ ಕೊಡುವ ಧೈರ್ಯ ನನಗಂತೂ ಇಲ್ಲ.

ಎಲುಬನ್ನು ಬೆರಳಿನಿಂದ ಹುಡುಕಿ ಹುಡುಕಿ ತೆಗೆಯಿರಿ. ಮೊಲದ ಎಲುಬು ಸಣ್ಣದು, ತೆಳ್ಳಗಿನದು, ಬೆಂದ ಮೇಲೆ ಸೂಜಿಯಂತೆ ಸೀಳುತ್ತದೆ. ಗಂಟಲಿಗೆ ಸಿಕ್ಕಿಕೊಂಡರೆ ಅಥವಾ ಕರುಳನ್ನು ಚುಚ್ಚಿದರೆ ಆಪರೇಷನ್ನೇ ಗತಿ. ಪಕ್ಕೆಲುಬು ಮತ್ತು ಬೆನ್ನಿನ ಭಾಗವನ್ನು ಬಿಟ್ಟು ತೊಡೆಯ ಮಾಂಸವನ್ನೇ ಕೊಡುವುದು ಕ್ಷೇಮ.

ಬೆಂದ ನೀರನ್ನು, ನಮ್ಮ ಮನೆಗಳ ಭಾಷೆಯಲ್ಲಿ ಯಖ್ನಿಯನ್ನು, ಚೆಲ್ಲಬೇಡಿ. ಇದಕ್ಕೊಂದು ಕಾರಣವಿದೆ. ಬೆಕ್ಕಿನ ಹೃದಯಕ್ಕೆ ಟಾರಿನ್ ಎಂಬ ಪದಾರ್ಥ ಬೇಕೇ ಬೇಕು, ಅದು ಅದಕ್ಕೆ ಸಿಗುವುದು ಮಾಂಸದಿಂದ ಮಾತ್ರ. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ಊದಿ ಸೋಲುತ್ತದೆ ಎಂಬುದನ್ನು 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು ತೋರಿಸಿದರು. ಮುಂದೆ ಅಲ್ಲಿಯೇ ಕೆಲವು ಬೆಕ್ಕುಗಳಿಗೆ 10 ತಿಂಗಳು ಇಡೀ ಮೊಲವನ್ನು ಹಸಿಯಾಗಿ ಅರೆದು ತಿನ್ನಿಸಿ ನೋಡಿದರು. ಬೆಕ್ಕುಗಳು ಇಷ್ಟಪಟ್ಟು ತಿಂದವು, ಮಲ ಗಟ್ಟಿಯಾಯಿತು, ಎಲ್ಲವೂ ಸರಿಯಾಗಿಯೇ ಕಂಡಿತು. ಕೊನೆಗೆ ಒಂದು ಬೆಕ್ಕು ಹಠಾತ್ತನೆ ಸತ್ತಿತು. ಹೃದಯ ಹಿಗ್ಗಿತ್ತು, ಕಾರಣ ಟಾರಿನ್ ಕೊರತೆ. ಉಳಿದ ಹಲವು ಬೆಕ್ಕುಗಳ ಹೃದಯದಲ್ಲೂ ಅದೇ ಬದಲಾವಣೆ ಶುರುವಾಗಿತ್ತು. ಮೊಲದ ಮಾಂಸದಲ್ಲಿ ಟಾರಿನ್ ಕಡಿಮೆ. ಇರುವಷ್ಟರಲ್ಲೂ ಒಂದು ಪಾಲು ಬೇಯಿಸುವಾಗ ನೀರಿಗೆ ಇಳಿಯುತ್ತದೆ. ಆದ್ದರಿಂದ ಯಖ್ನಿಯನ್ನೂ ಜೊತೆಗೆ ಕೊಡಿ, ಮತ್ತು ಮೊಲದ ಮಾಂಸವೊಂದೇ ಬೆಕ್ಕಿನ ನಿತ್ಯದ ಊಟವಾಗದಿರಲಿ. ಕೋಳಿಯ ಗಾಢ ಬಣ್ಣದ ತೊಡೆ ಮಾಂಸ, ಹೃದಯ, ಮೀನು, ಸಾಧ್ಯವಾದರೆ ಸಿದ್ಧ ಬೆಕ್ಕಿನ ಆಹಾರ ಇವೆಲ್ಲ ಸರದಿಯಲ್ಲಿ ಬರಲಿ.

ಪ್ರಮಾಣ ಎಷ್ಟು? ದಿನದ ಊಟದ ಹತ್ತರಲ್ಲಿ ಒಂದು ಪಾಲು ಮೀರದಿದ್ದರೆ ಒಳ್ಳೆಯದು. ನಾಲ್ಕು ಕಿಲೋ ಬೆಕ್ಕಿಗೆ ಬಿಡಿಸಿದ ಮಾಂಸ ಒಂದು ಚಮಚ, ಹತ್ತು ಕಿಲೋ ನಾಯಿಗೆ 25ರಿಂದ 30 ಗ್ರಾಂ. ನಾಯಿಗೆ ಯಖ್ನಿಯಲ್ಲಿ ನೆನೆಸಿದ ಜೋಳದ ರೊಟ್ಟಿಯ ಚೂರುಗಳನ್ನು ಬೆರೆಸಿ ಕೊಡಬಹುದು, ನಮ್ಮ ಕಡೆಯ ನಾಯಿಗಳು ಅದನ್ನು ಬೇಡವೆನ್ನುವುದಿಲ್ಲ. ಕಲೇಜಿ ಬೇಯಿಸಿದ್ದಾದರೂ ವಾರಕ್ಕೊಮ್ಮೆ, ಚೂರೇ ಚೂರು. ದಿನಾ ಕಲೇಜಿ ತಿಂದ ಬೆಕ್ಕಿಗೆ ಎ ಜೀವಸತ್ವ ಮಿತಿಮೀರಿ ಕತ್ತಿನ ಎಲುಬುಗಳು ಬೆಸೆದುಕೊಳ್ಳುತ್ತವೆ.

ಮೊದಲ ಸಲ ಕೊಟ್ಟಾಗ ಬೇಧಿಯೋ ವಾಂತಿಯೋ ಆದರೆ ನಿಲ್ಲಿಸಿ ನೀರು ಕೊಡಿ, ಒಂದು ದಿನದಲ್ಲಿ ಸರಿಹೋಗದಿದ್ದರೆ ವೈದ್ಯರಲ್ಲಿಗೆ ಒಯ್ಯಿರಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದೂ ಕೊಡಬೇಡಿ, ಅರ್ಧ ಮಾತ್ರೆಗೂ ಅದು ಸಾಯಬಹುದು.

ಕಲಬುರಗಿಯ ಮೇ ತಿಂಗಳಿನ ಬಿಸಿಲು 40 ಡಿಗ್ರಿ ದಾಟುವಾಗ ಬೆಂದ ಮಾಂಸವೂ ಹೊರಗೆ ಒಂದು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ಸಂಜೆಗೆ ತಿನ್ನಲಿ ಎಂದು ಬಿಡಬೇಡಿ, ತೆಗೆದುಬಿಡಿ.

ಬಕ್ರೀದ್ ದಿನದ ಕುರಿ

ಇಲ್ಲಿ ನಾನು ಮೊಲವನ್ನು ಬಿಟ್ಟು ಕುರಿಗೆ ಬರುತ್ತೇನೆ, ಏಕೆಂದರೆ ಇದೇ ಸುತ್ತಿನ ಅತ್ಯಂತ ಕೆಟ್ಟ ರೂಪ ಅಲ್ಲಿದೆ. ಕುರ್ಬಾನಿಯ ಕುರಿ-ಮೇಕೆಗಳ ಶ್ವಾಸಕೋಶ, ಯಕೃತ್ತಿನಲ್ಲಿ ಕೆಲವೊಮ್ಮೆ ನಿಂಬೆಹಣ್ಣಿನ ಗಾತ್ರದ, ಗಟ್ಟಿ ಗೋಡೆಯ ನೀರುಗುಳ್ಳೆ ಸಿಗುತ್ತದೆ. ಕಸಾಯಿಯವರು ಅದನ್ನು ಕತ್ತರಿಸಿ ಪಕ್ಕಕ್ಕೆ ಎಸೆಯುತ್ತಾರೆ, ಕಾದಿದ್ದ ನಾಯಿ ಎತ್ತಿಕೊಂಡು ಓಡುತ್ತದೆ. ಅದು ಹೈಡಾಟಿಡ್ ಗುಳ್ಳೆ. ಏಳು ವಾರಗಳೊಳಗೆ ಆ ನಾಯಿಯ ಕರುಳಿನಲ್ಲಿ ಅಕ್ಕಿಕಾಳಿಗಿಂತ ಸಣ್ಣ ಸಾವಿರಾರು ಹುಳುಗಳಾಗುತ್ತವೆ. ಅವು ಎಷ್ಟು ಸಣ್ಣವೆಂದರೆ ಮಲದಲ್ಲಿ ನಿಮಗೆ ಏನೂ ಕಾಣುವುದಿಲ್ಲ. ಮೊಟ್ಟೆ ಮಾತ್ರ ನಾಯಿಯ ಮೈಗೂದಲಿಗೆ, ಅಂಗಳದ ಮಣ್ಣಿಗೆ, ಅಲ್ಲಿಂದ ಮಕ್ಕಳ ಉಗುರಿಗೆ ಬರುತ್ತದೆ. ಮೊಲದ ಹುಳುವಿಗೆ ಮನುಷ್ಯ ಬೇಡ, ಇದಕ್ಕೆ ಆಗುತ್ತಾನೆ. ಮಗುವಿನ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಸದ್ದಿಲ್ಲದೆ ಬೆಳೆದ ಗುಳ್ಳೆ ಪತ್ತೆಯಾಗುವುದು ಎಷ್ಟೋ ವರ್ಷಗಳ ನಂತರ, ಸ್ಕ್ಯಾನಿಂಗ್ ಕೋಣೆಯಲ್ಲಿ.

ಆದ್ದರಿಂದ ಕುರ್ಬಾನಿ ದಿನ ಮುಚ್ಚಳವಿರುವ ಒಂದು ಬಕೆಟ್ಟನ್ನು ಮೊದಲೇ ಇಡಿ. ಗುಳ್ಳೆಯಿರುವ ಅಂಗವನ್ನು ಒಡೆಯದೆ ಅದರೊಳಗೆ ಹಾಕಿ. ಪಾಲಿಕೆಯ ಗಾಡಿ ಬಂದರೆ ಅದಕ್ಕೆ ಕೊಡಿ, ಇಲ್ಲವಾದರೆ ಹೂಳಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ನಾಯಿ ಸುಲಭವಾಗಿ ಕೆದರುತ್ತದೆ. ಮೂರು-ನಾಲ್ಕು ಅಡಿ ಆಳದಲ್ಲಿ ಸುಣ್ಣ ಹಾಕಿ ಮುಚ್ಚಿ, ಮೇಲೆ ಒಂದು ಶಹಾಬಾದ್ ಫರ್ಸಿ ಎಳೆದುಬಿಡಿ. ಕಲಬುರಗಿಯಲ್ಲಿ ಫರ್ಸಿಗೆ ಬರವೇ? ಮೊಲದ ಕರುಳಿಗೂ ಇದೇ ಗುಂಡಿ ಸಾಕು. ರಸ್ತೆ ಬದಿಗೆ ಎಸೆದರೆ ನಾಯಿಗಳು ಗುಂಪುಗೂಡಿ ಕಚ್ಚಾಡುತ್ತವೆ, ಸೇಡಂ ರಸ್ತೆಯ ವಾಹನಗಳ ನಡುವೆ ಬೈಕಿನವರು ಬೀಳುತ್ತಾರೆ.

ತಿನ್ನುವಾಗ ನಾಯಿಯ ಬಳಿ ಮಕ್ಕಳನ್ನು ಬಿಡಬೇಡಿ. ಕಚ್ಚಿದರೆ ಅಥವಾ ಪರಚಿದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ರಸ್ತೆಯಲ್ಲಿರುವ ಜಿಮ್ಸ್ ಆಸ್ಪತ್ರೆಗೋ ಹತ್ತಿರದ ಸರಕಾರಿ ಆಸ್ಪತ್ರೆಗೋ ಅದೇ ದಿನ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ ಮೆತ್ತುತ್ತ ಕೂರಬೇಡಿ.

ನಾಯಿ ನೆಕ್ಕಿದ ಪಾತ್ರೆಯನ್ನು ಏಳು ಬಾರಿ, ಅದರಲ್ಲೊಮ್ಮೆ ಮಣ್ಣಿನಿಂದ ತೊಳೆಯುವ ಹದೀಸ್ ನಿಮಗೆ ಗೊತ್ತೇ ಇದೆ, ವಿವರದಲ್ಲಿ ಮಝ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ಅಡುಗೆಮನೆಯ ಪಾತ್ರೆಯಲ್ಲಿ ನಾಯಿಗೆ ಹಾಕದೆ ಅದಕ್ಕೇ ಒಂದು ತಟ್ಟೆ, ತಿಕ್ಕಲು ಬೇರೆ ನಾರು ಇಟ್ಟುಬಿಟ್ಟರೆ ಪ್ರಶ್ನೆಯೇ ಏಳುವುದಿಲ್ಲ. ಮಾಂಸ ಹೆಚ್ಚಿದ ಮಣೆ, ಚಾಕು, ಕೈ ಎಲ್ಲವನ್ನೂ ಸೋಪಿನಿಂದ ಉಜ್ಜಿ ತೊಳೆಯಿರಿ. ಕೊರೋನಾ ಕಾಲದಿಂದ ಸ್ಯಾನಿಟೈಸರ್ ಒತ್ತಿಕೊಂಡು ಕೈ ಸ್ವಚ್ಛವಾಯಿತೆಂದುಕೊಳ್ಳುವ ಅಭ್ಯಾಸ ಬಂದಿದೆ. ಲಾಡಿಹುಳುವಿನ ಮೊಟ್ಟೆಗೆ ಅದರಿಂದ ಏನೂ ಆಗುವುದಿಲ್ಲ. ನೀರು ಮತ್ತು ತಿಕ್ಕಾಟದಿಂದಲೇ ಅದು ಹೋಗಬೇಕು.

ಸೇಡಂ ರಸ್ತೆಯ ಆ ಮನೆಯಲ್ಲಿ ನಾಯಿಗೆ ಮಾತ್ರೆ ಕೊಡಿಸಿದರು, ಕಟ್ಟುವ ಜಾಗವನ್ನು ಗೇಟಿನ ಇನ್ನೊಂದು ಬದಿಗೆ ಬದಲಿಸಿದರು. ಹುಲ್ಲು ಈಗ ಪರಿಚಯದವರ ಹೊಲದಿಂದ ಬರುತ್ತದೆ. ಮಗಳ ರಕ್ತ ಪರೀಕ್ಷೆಯಲ್ಲಿ ಆತಂಕಪಡುವಂಥದ್ದು ಏನೂ ಇರಲಿಲ್ಲ. ಬೆಕ್ಕು ಮನೆಯಲ್ಲೇ ಇದೆ. ಅದರ ಮಲದ ತಟ್ಟೆಯನ್ನು ದಿನಾ ಬೆಳಿಗ್ಗೆ ಫಜ್ರ್ ಮುಗಿಸಿ ಬಂದ ಮೇಲೆ ಅಳಿಯ ತೆಗೆಯುತ್ತಾನೆ ಎಂದು ಅಜ್ಜಿ ಫೋನಿನಲ್ಲಿ ನಗುತ್ತ ಹೇಳಿದರು. ಹಸಿ ಕಲೇಜಿ ಸಿಗದ ಸಿಟ್ಟಿಗೆ ಬೆಕ್ಕು ಎರಡು ದಿನ ಬೇಯಿಸಿದ್ದನ್ನು ಮೂಸಿ ನೋಡಿ ಹೋಯಿತಂತೆ. ಮೂರನೆಯ ದಿನ ತಿಂದಿತು.